ಎಡಗೈ ನಿದ್ದೆ, ಬಲಗೈ ನಿದ್ದೆ

ಮಾಂದಲಪಟ್ಟಿಯ ತಿರುವೊಂದರಲ್ಲಿ, ನಸುಕಿಗೆ ಮುಂಚೆ,
ಕಣ್ಣು ಒಂದೇ ಸಲ ಮುಚ್ಚಿ ತೆರೆಯಿತು.
ಹಿಂದೆ ಕೂತಿದ್ದ ಹಾಸನದ ಐವರಿಗೆ ತಿಳಿಯಲಿಲ್ಲ,
ಜೀಪಿಗೆ ತಿಳಿಯಿತು:
ಎಡಗಡೆ ಚಕ್ರ ಹುಲ್ಲು ಮುಟ್ಟಿ ವಾಪಸು ಬಂತು.
ಹುಲ್ಲಿನಾಚೆ ಬರೀ ಮಂಜು.

ಅದೇ ಮಧ್ಯಾಹ್ನ ಮಹದೇವಪೇಟೆಗೆ ಇಳಿದೆ.
ಉಮ್ಮರ್ ಗಾಜಿನ ಮೇಲೆ ಎರಡು ಡಬ್ಬಿ ಇಟ್ಟ,
ಒಂದು ಉಂಗುರ, ಒಂದು ಪಟ್ಟಿ.
"ನಿದ್ದೆ ಎರಡೂ ಅಳೆಯುತ್ತವೆ.
ಉಂಗುರ ಹೊಸ ಅಳಿಯನ ಹಾಗೆ, ಸುಮ್ಮನಿರುತ್ತೆ.
ಪಟ್ಟಿ ಬಾಯಿಬಡುಕ,
ಹೆಜ್ಜೆ, ಹವೆ, ಯಾರ ಫೋನು, ಎಲ್ಲ ಒದರುತ್ತೆ."
ಬೆಲೆ?
"ಉಂಗುರಕ್ಕೆ ನಿನ್ನ ಜೀಪಿನ ಎರಡು ಟಯರು,
ಪಟ್ಟಿಗೆ ಒಂದು ಟ್ಯೂಬು."

ಕೈ ನೋಡಿಕೊಂಡೆ.
ಗೇರು ಜಗ್ಗಿ ಜಗ್ಗಿ ಗೆಣ್ಣುಗಳು
ಶುಂಠಿಯ ಹಾಗೆ ಊದಿವೆ.
ಉಂಗುರ ಹೋದರೆ ಬರುವುದಿಲ್ಲ, ಬರುವಂಥದ್ದು ನಿಲ್ಲುವುದಿಲ್ಲ.
ಪಟ್ಟಿಗೋ ರಬ್ಬರಿನ ನವೆ, ಆಷಾಢದಲ್ಲಿ
ಮಣಿಕಟ್ಟು ಒಣಗುವುದೆಂದು?
ಚಾರ್ಜು ಅದಕ್ಕೆ ಐದು ದಿನ, ಇದಕ್ಕೆ ಹತ್ತು.
ನಮ್ಮ ಕಡೆ ಕರೆಂಟು ಹೋದರೆ ಆರು.
ಲೆಕ್ಕದಲ್ಲಿ ಪಟ್ಟಿ ಗೆದ್ದಿತು,
ಕಣ್ಣು ಮಾತ್ರ ಉಂಗುರ ಬಿಡಲಿಲ್ಲ.
ಉಮ್ಮರ್ ನಕ್ಕ:
"ಎರಡೂ ಒಯ್ಯಿ, ಮೂರು ರಾತ್ರಿ.
ಡಬ್ಬಿ ಮಾತ್ರ ಮುಕ್ಕಾಗಬಾರದು."

ಎಡಗೈ ಕಿರುಬೆರಳಿಗೆ ಉಂಗುರ, ಬಲಗೈಗೆ ಪಟ್ಟಿ.
ಬೆಳಿಗ್ಗೆ, ಅಂದರೆ ಎರಡೂ ಮುಕ್ಕಾಲಿಗೆ, ಫೋನು ತೆರೆದೆ.
ಉಂಗುರ: ನಾಲ್ಕು ಗಂಟೆ ಹತ್ತು ನಿಮಿಷ.
ಪಟ್ಟಿ: ಐದು ಗಂಟೆ, ಜೊತೆಗೆ ಚಪ್ಪಾಳೆಯ ಚಿತ್ರ.
ಒಂದೇ ಮೈ, ಒಂದೇ ಕಂಬಳಿ.
ಎಡಗೈ ಎದ್ದು ಕೂತಿದ್ದಾಗ
ಬಲಗೈ ಎಲ್ಲಿ ಮಲಗಿತ್ತು?

ಜಲಜಾಕ್ಷಿ ಒಲೆಯ ಬಳಿಯಿಂದಲೇ ಅಂದಳು:
"ಎರಡೂ ಸುಳ್ಳು.
ಹನ್ನೊಂದೂ ಇಪ್ಪತ್ತಕ್ಕೆ ಗೊರಕೆ ನಿಂತಿತು. ಉಸಿರೂ.
ಹದಿನಾಲ್ಕರವರೆಗೆ ಎಣಿಸಿದೆ,
ಮೊಣಕೈಯಲ್ಲಿ ತಿವಿದೆ, ಬಂತು.
ಹನ್ನೆರಡಕ್ಕೊಮ್ಮೆ. ಒಂದು ಗಂಟೆಯಾದ ಮೇಲೆ ಎರಡು ಸಲ."
ಸಾರಿಗೆ ಉಪ್ಪೆಷ್ಟು ಹಾಕಿದೆ ಎನ್ನುವ ದನಿಯಲ್ಲಿ.

ಎಷ್ಟು ದಿನದಿಂದ ಎಣಿಸ್ತಿದ್ದೀಯ?

"ದಿನವಾ? ಗುಡ್ಡ ಜರಿದ ವರ್ಷದಿಂದ.
ಮಣ್ಣಿನ ಸದ್ದು ಬರುತ್ತೋ ಅಂತ ಕಿವಿಗೊಟ್ಟು ಮಲಗಿದ್ದೆ,
ನಿಮ್ಮದು ಕೇಳಿಸಿತು."

ಮೂರನೇ ರಾತ್ರಿ ಪಟ್ಟಿ ಅವಳ ಕೈಗೆ ಕಟ್ಟಿದೆ,
ಬಳೆಗಳನ್ನು ಮೊಣಕೈಗೆ ಸರಿಸಿ.
ಒಂದು ಗಂಟೆ ಐವತ್ತು ನಿಮಿಷ.
ಚಪ್ಪಾಳೆ ಇರಲಿಲ್ಲ.

ಉಂಗುರ ಡಬ್ಬಿ ಸೇರಿತು. ಪಟ್ಟಿ ಉಳಿಯಿತು, ಅವಳಿಗೆ.
ಮರುದಿನ ಫೋನಿನಲ್ಲಿ ಏಳೂವರೆ ಗಂಟೆ,
ಅದರಲ್ಲೂ ಗಾಢವೇ ಹೆಚ್ಚು!
ಖುಷಿಯಿಂದ ಒಳಗೆ ಓಡಿದರೆ
ಪಟ್ಟಿ ಅಕ್ಕಿ ಅಳೆಯುವ ಸೇರಿನ ಸೊಂಟದಲ್ಲಿ.
"ನವೆ," ಅಂದಳು. "ಅದಾದರೂ ಮಲಗಲಿ."

ಸೋಮವಾರ ಜಿಲ್ಲಾಸ್ಪತ್ರೆ.
ಡಾಕ್ಟರು ಏನು ಕೇಳಿದರೂ
ಉತ್ತರ ಅವಳ ಹತ್ತಿರವೇ ಇದೆ, ಕರೆದುಕೊಂಡು ಹೋಗಬೇಕು.
ಅಲ್ಲಿಯವರೆಗೆ ನಸುಕಿನ ಟ್ರಿಪ್ಪು ಪುರುಷೋತ್ತಮನಿಗೆ,
ಬೈದುಕೊಂಡೇ ಕೀ ಕೊಟ್ಟೆ.

ಇವತ್ತು ನಾನು ಗೋಡೆಗೆ ಒರಗಿ ಕೂತಿದ್ದೇನೆ.
ಮಲಗು, ಗುಡ್ಡದ ಕಡೆ ನಾನು ಕೇಳುತ್ತೇನೆ ಅಂದೆ.
ನಂಬಲಿಲ್ಲ. ಆದರೂ ಕಣ್ಣು ಮುಚ್ಚಿದಳು.
ಅವಳ ಉಸಿರು ಎಣಿಸುತ್ತಾ ಹೋದೆ,
ಅರವತ್ತೆರಡೋ ಅರವತ್ತಮೂರೋ,
ಆಮೇಲೆ ಯಾರು ಮೊದಲು ನಿದ್ದೆ ಹೋದೆವೋ
ಸೇರಿಗೆ ಗೊತ್ತಿರಬೇಕು.