ಕೇಳದ ಸದ್ದು

ಲಾ ಹೊಯಾ. ಬಂಡೆಯಂಚಿನ ಲ್ಯಾಬು, ಎರಡನೇ ಮಹಡಿ.
ಕಿಟಕಿಯಾಚೆ ಬೆಳಗಿನಿಂದ ಕಡಲಸಿಂಹಗಳ ರಂಪ.
ಒಳಗೆ ಲುವಾನ್ ಪ್ರೂಯಿಟ್
ಕಿವಿಗೇನೂ ಹಾಕಿಕೊಳ್ಳದೆ ಆಲಿಸುತ್ತಾಳೆ.

ಮನುಷ್ಯರ ಕಿವಿಗೆ ನಿಲುಕದ ಸದ್ದು ಅದು.
ಗಡಿಯಾಚೆಯ ಕೊಲ್ಲಿಯಲ್ಲಿ ಮೂರು ತಿಂಗಳು ಮುಳುಗಿದ್ದ ಯಂತ್ರ
ಅದನ್ನು ಚುಕ್ಕಿಯಾಗಿಸಿ ಕೊಟ್ಟಿದೆ.
ಹೆಚ್ಚಿನವು ಸೀಗಡಿಯ ಚಿಟಿಕೆ, ದೋಣಿಯ ಸೋನಾರು, ಮರಳು.
ಅಳಿಸು. ಅಳಿಸು.
ಅದೂ ಅಲ್ಲ, ಅಳಿಸು.

ವಾಕೀಟಾ ಅಂದರೆ ಪುಟ್ಟ ಹಸು
ಎಂದು ಮೊದಲ ದಿನವೇ ಹೇಳಿದ್ದಳು.
ನನಗೆ ನಗು ಬಂದಿತ್ತು.
ಆಮೇಲೆ ಫೋಟೋ ತೋರಿಸಿದಳು:
ಕಾಡಿಗೆ ತೀಡಿದ ಕಣ್ಣು,
ಮೈತುಂಬ ಬಲೆಯ ಗೀರು.
ಬೇರೆ ಯಾವುದೋ ಮೀನಿಗೆ ಒಡ್ಡಿದ ಬಲೆಯಂತೆ.
ಇದು ಯಾರಿಗೂ ಬೇಕಿರಲಿಲ್ಲ.

ಮೂರೂಕಾಲಿಗೆ ಅವಳ ಬೆರಳು ನಿಂತಿತು.
ಒತ್ತೊತ್ತಾಗಿ ಹನ್ನೊಂದು ಚುಕ್ಕಿ,
ಕೆಳಗೇ, ಒರಗಿದಂತೆ,
ತೆಳ್ಳಗೆ ಇನ್ನೊಂದು ಸಾಲು.
"ಕರುವಾ?" ಅಂದೆ, ಬಾಯಿತಪ್ಪಿ, ಕನ್ನಡದಲ್ಲೇ.
ಏನೆಂದು ಅವಳು ಕೇಳಲಿಲ್ಲ.
ವರದಿಯಲ್ಲಿ ಬರೆದಳು: ಖಚಿತವಿಲ್ಲ.

ಆಮೇಲೆ ಎದ್ದು ಹೋಗಿ
ಕಿಟಕಿ ಮುಚ್ಚಿ ಬಂದಳು,
ಕೇಳುವಂಥದ್ದು
ಏನೂ ಇರಲಿಲ್ಲವಾದರೂ.