ಓಗೊಡುವ ತನಕ

ಗಂಗಾವತಿ, ಕಂಪ್ಲಿ ರಸ್ತೆ, ರೈಸ್ ಮಿಲ್ಲಿನ ತೂಕದ ಕೋಣೆ.
ರಾತ್ರಿ ಪಾಳಿ ನನ್ನದು.
ಲಾರಿ ಹಲಗೆ ಹತ್ತುತ್ತದೆ,
ಕೆಂಪು ಅಂಕಿ ತುಯ್ದಾಡಿ ನಿಲ್ಲುತ್ತದೆ,
ಚೀಟಿ ಹರಿದು ಕೊಡುತ್ತೇನೆ.
ಒಂದು ಲಾರಿಗೂ ಇನ್ನೊಂದಕ್ಕೂ ನಡುವೆ
ಇಪ್ಪತ್ತು ನಿಮಿಷ, ಒಮ್ಮೊಮ್ಮೆ ನಲವತ್ತು.
ಅಷ್ಟರಲ್ಲೇ ನನ್ನ ಓದು.

ಮೇಜಿನ ಕೆಳಗೆ ಎರಡು ಸ್ವಿಚ್ಚು, ಒಂದು ರೌಟರು.
ಯಾವುದೋ ಬ್ಯಾಂಕು ಹೊರಹಾಕಿದ್ದು,
ಗುಜರಿಯ ನಬೀಸಾಬರು ಕೇಜಿ ಲೆಕ್ಕದಲ್ಲಿ ಕೊಟ್ಟದ್ದು:
ಹನ್ನೊಂದು ಕೇಜಿ ನೂರು ಗ್ರಾಂ.
ನೂರು ಗ್ರಾಂ ಬಿಟ್ಟರು.
ಸ್ವಿಚ್ಚುಗಳಿಗೆ ಕಾರಟಗಿ, ಕನಕಗಿರಿ ಎಂದು ಹೆಸರಿಟ್ಟೆ,
ರೌಟರಿಗೆ ಆನೆಗೊಂದಿ.
ಬರೆದಿಡದಿದ್ದರೆ, ಕರೆಂಟು ಹೋದಾಗ
ತಮ್ಮ ಹೆಸರನ್ನೂ ಮರೆತು ಕೂರುತ್ತವೆ.
ಫ್ಯಾನಿನ ರೆಕ್ಕೆಗೆ ಮೆತ್ತುವ ತೌಡನ್ನು
ವಾರಕ್ಕೊಮ್ಮೆ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯುತ್ತೇನೆ.

ಪುಸ್ತಕ ಬಾಯಿಪಾಠ ಮಾಡಿ
ಹುಬ್ಬಳ್ಳಿಗೆ ಹೋಗಿ ಒಮ್ಮೆ ಸೋತು ಬಂದವಳು ನಾನು.
ಐದು ತಿಂಗಳ ಚೀಟಿ ದುಡ್ಡು ಎರಡು ತಾಸಿನಲ್ಲಿ ಹೋಯಿತು.
ಹಗ್ಗ ಮುಟ್ಟದೆ ಗಂಟು ಬಾರದೆಂದು
ಹಮಾಲಿ ದುರುಗಪ್ಪನಿಗೆ ಗೊತ್ತಿತ್ತು,
ನನಗಿರಲಿಲ್ಲ.

ಈಗ ಬೆರಳಿಗೆ ಗೊತ್ತು.
ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ,
ಬಿಳಿನೀಲಿ, ಹಸಿರು, ಬಿಳಿಕಂದು, ಕಂದು.
ಎಂಟು ಎಳೆ ನೇರ ಮಾಡಿ, ಸಮ ಕತ್ತರಿಸಿ,
ಕಚಕ್ ಎಂದು ಒತ್ತಬೇಕು.
ಸಿಕ್ಕಿಸಿದ ಕೂಡಲೆ ಹಸಿರು ದೀಪ ಬಾರದು.
ಮೂವತ್ತು ಸೆಕೆಂಡು ಕಿತ್ತಳೆ:
ತನ್ನ ದಾರಿ ತನಗೇ ಸುತ್ತಿ ಬಂದೀತೇ ಎಂದು
ಸ್ವಿಚ್ಚು ಕಿವಿಗೊಟ್ಟು ಕೂರುವ ಹೊತ್ತು.
ಆಗ ಕೀಳಬಾರದು.
ಎಷ್ಟು ಸಲ ಕಿತ್ತಿದ್ದೆನೋ!

ರೌಟರಿನ ಬಾಗಿಲುಗಳು ಹುಟ್ಟಾ ಮುಚ್ಚಿರುತ್ತವೆ.
ತೆರೆ ಎಂಬ ಮಾತು ಅದಕ್ಕೆ ತಿಳಿಯದು,
ಮುಚ್ಚಬೇಡ ಎನ್ನಬೇಕು.
ರಾತ್ರಿ ಪಾಳಿಗೆ ಹೋಗು ಎಂದು
ನಮ್ಮನೆಯಲ್ಲೂ ಯಾರೂ ಅಂದಿರಲಿಲ್ಲ.
ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಅವ್ವ
‘ನಾ ಏನ್ ಬ್ಯಾಡ ಅನ್ನಂಗಿಲ್ಲ’ ಅಂದಳು.
ಅಷ್ಟು ಸಾಕಾಯಿತು.

ಬೆಳಗಾದರೆ ಪರೀಕ್ಷೆ, ಐದೂವರೆಗೆ ಬಸ್ಸು.
ಈಗ ಎರಡೂವರೆ.
ಕಾರಟಗಿಯಿಂದ ಕೂಗಿದರೆ ಕನಕಗಿರಿ ಓಗೊಡುತ್ತಿಲ್ಲ.
ವಿಳಾಸ ಸರಿ. ಮಾಸ್ಕು ಸರಿ,
ಅರವತ್ನಾಲ್ಕು ಮನೆಯ ಓಣಿ,
ಮೊದಲದ್ದೂ ಕೊನೆಯದೂ ಯಾರಿಗೂ ಬಾಡಿಗೆಗಿಲ್ಲ.
ದಾರಿಯೂ ಸರಿ.
ಅಳಿಸಿ ಬರೆದೆ, ಬರೆದು ಅಳಿಸಿದೆ.
ಪರದೆಯ ತುಂಬ ಚುಕ್ಕೆ, ಚುಕ್ಕೆ.

ಸಿರುಗುಪ್ಪದ ಲಾರಿ ಬಂತು. ಮೌಲಾಹುಸೇನ ಇಣುಕಿದ:
‘ಯಾಕ್ ಹುಲಿಗೆವ್ವ, ಮಾರಿ ಸಣ್ಣ ಮಾಡಿ?’
ಕರೆದರೆ ಓ ಅನ್ನವಲ್ದು, ಅಂದೆ.
‘ಯಾರು?’
ಮೇಜಿನ ಕೆಳಗೆ ತೋರಿಸಿದೆ.
‘ಗಾಡಿ ಚಾಲೂ ಆಗದಿದ್ರ
ನಾವೇನ್ ಮೊದ್ಲಾ ಇಂಜಿನ್ ಬಿಚ್ತೀವೇನು?
ವಾಯರ್ ಹಿಡದು ಅಲ್ಲಾಡಸ್ತೀವಿ.’
ಬಗ್ಗಿ ಟಾರ್ಚು ಬಿಟ್ಟ.

ದೀಪವೇ ಆರಿತ್ತು.
ಒಂದು ತಾಸಿನಿಂದ ನಾನು ಪರದೆ ನೋಡುತ್ತಿದ್ದೆ,
ದೀಪ ನೋಡಿರಲಿಲ್ಲ.
ಗೋಡೆಯ ಮೂಲೆಯಲ್ಲಿ ತಂತಿಯ ಹೊದಿಕೆ ಹರಿದು
ಹಸಿರೆಳೆಯೊಂದು ತುಂಡಾಗಿತ್ತು.
ಹೊರಗೆ ಎರಡು ಸಾವಿರ ಚೀಲ ಸೋನಾ ಮಸೂರಿ ಬಿಟ್ಟು
ಇಲಿಗೆ ನನ್ನ ತಂತಿಯೇ ಬೇಕಿತ್ತು.

ಕತ್ತರಿಸಿದೆ, ಜೋಡಿಸಿದೆ, ಒತ್ತಿದೆ.
ಟಾರ್ಚು ಹಿಡಿದೇ ನಿಂತಿದ್ದ.
ಹಿಂದಿನ ಲಾರಿ ಹಾರನ್ನು ಬಾರಿಸಿತು.
ಕಿತ್ತಳೆ.
‘ಆತೇನು?’
ತಡಿಯಣ್ಣ.
‘ಆತೇನು?’
ತಡಿ.
ಹಸಿರು.

ಕೂಗಿದೆ.
ಮೊದಲ ಕೂಗು ಯಾವಾಗಲೂ ಕಳೆದುಹೋಗುತ್ತದೆ,
ಮನೆ ಯಾವುದೆಂದು ವಿಚಾರಿಸುವಷ್ಟರಲ್ಲಿ.
ಇದನ್ನೂ ಕೈಯೇ ಕಲಿಸಿದ್ದು.
ಒಂದು ಚುಕ್ಕೆ.
ಆಮೇಲೆ ಓ, ಓ, ಓ, ಓ.

ಮರೆಯುವ ಮೊದಲು ಬರೆದಿಟ್ಟೆ.
‘ಅದೆಲ್ಲ ಛಲೋ ಆತವ್ವ,’ ಅಂದ ಮೌಲಾಹುಸೇನ,
‘ನನ್ನ ತೂಕ?’