ಹದಿನಾಲ್ಕನೆಯವ

ಲೆಕ್ಕ ಬರೆಯೋದು ನನ್ನ ಕೆಲಸ.
ಝೆರಾಕ್ಸ್ ಅಂಗಡಿಯವ, ಅಕ್ಷರ ದುಂಡಗವ ಅಂತ
ವಹಿ ನನ್ನ ಕೈಗೆ ಕೊಟ್ಟಾರ,
ರಟ್ಟಿನ ಕತ್ತಿಗಳ ಗೋಣಿಚೀಲನೂ.
ಪ್ರತಿ ಐತವಾರ ಬೀದರ ಕೋಟ್ಯಾಗ
ನನ್ನ ಬಿಟ್ಟು ಹದಿಮೂರು ಮಂದಿ.
ಗುಂಬಜ ದರವಾಜ ದಾಟೋತನ
ಮೆಡಿಕಲ್ ಶಾಪಿನವರು, ಕಾಲೇಜಿನವರು, ಒಬ್ಬ ಕಂಡಕ್ಟರು.
ದಾಟಿದಮ್ಯಾಲ ಸುಲ್ತಾನ, ಸಿಪಾಯಿ, ಬೇಹಿನವ.
ಗೌಸಿಯಾ ವಜೀರ.

ಕಾಯ್ದೆ ವೈಜಿನಾಥಂದು:
ಕತ್ತಿ ತಾಗಿದ್ರ ಸಾಯಬೇಕು.
ಸತ್ತಾಂವ ನೂರು ಎಣಿಸಿ ಎದ್ದೇಳಬೇಕು,
ಅಲ್ಲೀತನ ಪಿಟಕ್ಕನ್ನಬಾರದು.
ಮಂಗ್ಯಾಗೋಳು ಡಬ್ಬಿಗೆ ಕೈ ಹಾಕಿದ್ರ
ಎರಡೂ ಕಡಿ ಯುದ್ಧ ಬಂದ್.

ಈ ಸಲ ಸಿನಿಮಾ ತೆಗಿಯೋಣಂದ್ರು,
ದೆವ್ವದ್ದು, ಆದ್ರ ನಗೂವಂಥದು.
ದೆವ್ವ ಸೋಪಾನ. ಅವರ ಅವ್ವನ ಬಿಳೇ ಸೀರಿ,
ಹಸರು ಅಂಚು ಕಾಣದಂಗ ಒಳಗ ಮಡಚಿ
ಹನ್ನೊಂದು ಪಿನ್ನು ಹಚ್ಚಿದ್ವಿ.

ಹಜಾರ್ ಕೋಠಡಿ ಮುಂದ ಕಾಳಗ ಮುಗೀತು.
ಸತ್ತವರು ಏಳು ಅಂತ ಬರದೆ.
ಉಳದವರು ಏಳು ಅಂತ ಬರದೆ.
ಪೆನ್ನು ನಿಂತು ಹೋತು.

ಗ್ವಾಡಿ ಬುಡಕ್ಕ ಒಬ್ಬಾಂವ ಬಿದ್ದಾನ,
ಮೊಣಕಾಲು ಹೊಟ್ಟಿಗೆ ಒತ್ತಿಕೊಂಡು, ಬಾಯಿ ತಕ್ಕೊಂಡು.
ವೈಜಿನಾಥಗ ಸಿಟ್ಟು ಬಂತು:
‘ಹಿಂಗ ಸಾಯ್ತಾರೇನೋ? ಎದಿ ಹಿಡ್ಕೋ! ಸುಲ್ತಾನನ ಹೆಸರು ಕೂಗು!
ಇದು ಖರೇ ಅನ್ನಿಸಂಗಿಲ್ಲ!’
ಅಂವ ತುಟಿ ಮ್ಯಾಲ ಬೆರಳಿಟ್ಟ.
ಎಣಿಸ್ಲತ್ತಾನ.

ಫೋನಿನಾಗ ನೋಡಿದೆ. ಗ್ವಾಡಿ ಅದ, ಕತ್ತಿ ಅದ,
ಕತ್ತಿ ಹಿಡಿದ ಕೈ ಇಲ್ಲ.

ಮೊದಲು ಓಡಿದಾಂವ ದೆವ್ವ.
ಪಿನ್ನು ಕಿತ್ತು ಹಸರು ಅಂಚು ಪಟಪಟ ಹಾರಿಸ್ಕೋತ
ಮೂರೂ ಕಂದಕ ದಾಟಿ ಸೋಪಾನ ಆಟೋ ಹತ್ತಿದ,
ಆಟೋದಾಂವ ಇಳಿದು ಓಡಿದ.
ಹಿಂದಿಂದ ಸುಲ್ತಾನ. ಅದರ ಹಿಂದ ಸುಲ್ತಾನನ ಚಪ್ಪಲಿ ಹಿಡ್ಕೊಂಡು ಕಂಡಕ್ಟರು.

ನನ್ನ ಕಾಲು ಬರಲಿಲ್ಲ. ಗೌಸಿಯಾ ಬೇಕಂತಲೇ ನಿಂತಳು.
ನೂರಾತು. ಅಂವ ಎದ್ದ. ಧೂಳು ಝಾಡಿಸ್ಕೊಂಡ, ಧೂಳು ಬೀಳಲಿಲ್ಲ.
‘ಭಾಳ ದಿನದಿಂದ ಎಣಿಸ್ಲತ್ತಿದ್ದೆ’ ಅಂದ,
‘ನೂರಕ್ಕ ಎದ್ದೇಳಬೇಕಂತ ಯಾರೂ ಹೇಳಿರಲಿಲ್ಲ.’

‘ಯಾವ ದಂಡಿನಾಂವ ನೀ?’ ಕೇಳಿದಳು ವಜೀರ.
‘ದಂಡಲ್ರೀ. ಕಂದಕ ಕಡಿಯಾಂವ. ಕಲ್ಲು ಜಾರಿ ಹೊಟ್ಟಿ ಮ್ಯಾಲ ಬಿತ್ತು.
ಕತ್ತಿ ಹಿಡಿದಿದ್ದು ಇವತ್ತೇ.
ಇಷ್ಟ ಹಗರ ಇರ್ತದೇನ್ರೀ?’

ರಟ್ಟು ಅಂತ ನಾವ್ಯಾರೂ ಹೇಳಲಿಲ್ಲ.
ಅಷ್ಟರಾಗ ಮಂಗ್ಯಾಗೋಳು ಡಬ್ಬಿ ಬಿಚ್ಚಿದವು,
ಕಾಯ್ದೆ ಪ್ರಕಾರ ಯುದ್ಧ ಬಂದ್.

ಸಿನಿಮಾ ಮಾಳಿಗಿ ಗ್ವಾಡಿ ಮ್ಯಾಲ ತೋರಿಸಿದ್ವಿ.
ಸೋಪಾನ ಓಡೋ ಕಡಿ ಮಂದಿ ಬಿದ್ದುಬಿದ್ದು ನಕ್ಕರು.
ಒಂಟಿ ಕತ್ತಿ ಗಾಳ್ಯಾಗ ನಿಂತದ್ದು ನೋಡಿ
‘ಎಡಿಟಿಂಗ್ ಯಾವ ಆ್ಯಪಿನಾಗ?’ ಅಂದರು.
ಗೌಸಿಯಾನ ಅಪ್ಪ, ಬಿದ್ರಿ ಕೆಲಸದವರು,
ಸಿನಿಮಾ ನೋಡಲೇ ಇಲ್ಲ. ಕತ್ತಿ ಹಿಡಿಕಿ ತಿರುವಿ ನೋಡಿದರು.
ಬೆಳ್ಳಿ ಹಾಳಿ ಮ್ಯಾಲ ಐದು ಬೆರಳು ಕರ್ರಗ.
‘ಕೋಟಿ ಮಣ್ಣು ಹಚ್ಚೀರಿ. ಕಪ್ಪು ಚಲೋ ಕೂತದ.
ಯಾವ ಮೂಲ್ಯಾಗ ಸಿಕ್ತು?’
ಹೇಳಲಿಲ್ಲ.

ಸೋಪಾನ ಇನ್ನ ಬರಂಗಿಲ್ಲಂದ.
ಎರಡನೇ ಭಾಗಕ್ಕ ದೆವ್ವ ಬೇಕು.
ವೈಜಿನಾಥ ದೂರ ನಿಂತು, ಜೇಬಿನಾಗ ನಿಂಬಿಹಣ್ಣು ಹಿಡಿದು,
‘ನೀನೇ ಮಾಡ್ತೀಯೇನಪಾ?’ ಅಂತ ಕೇಳಿದ.
‘ಬ್ಯಾಡ್ರೀ’ ಅಂದ ಅಂವ, ‘ನಂಗ ಅಂಜಿಕಿ ಬರ್ತದ.’

ಈಗ ಚಂದ ಸಾಯ್ತಾನ. ಎದಿ ಹಿಡ್ಕೋತಾನ, ಕೂಗ್ತಾನ,
ಎರಡು ಸಲ ಹೊಳ್ಳಿ ಬೀಳ್ತಾನ.
ಆದ್ರ ಅರವತ್ತಕ್ಕೇ ಎದ್ದುಬಿಡ್ತಾನ,
ಕಳ್ಳ.
ನಾ ನೋಡ್ತೀನಿ. ವಹಿಯಾಗ
ದುಂಡಗ ಬರೀತೀನಿ: ನೂರು.